ಟ್ಯೂಬಿಂಗನ್ನಿನಲ್ಲಿ ಮಜ್ಜಿಗೆ ಪ್ರೋಕ್ಷಣೆ

ಬೆಟಗೇರಿ

ಪರದೇಶಕ್ಕೆ ಹೋಗಿ ಬಂದವನು ಅದನ್ನು ಬರೆಯಲೇಬೇಕೆಂದು ಯಾವ ಕಾಯ್ದೆಯಲ್ಲೂ ಇಲ್ಲ. ಗದಗಿನ ಕೋರ್ಟಿನಲ್ಲಿ ಕೂದಲು ನೆರೆಯುವತನಕ ದಿವಾಣಿ ದಾವೆ ನಡೆಸಿದ ನಾನು ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ಆದರೂ ಬರೆಯುತ್ತಿದ್ದೇನೆ. ಜರ್ಮನಿಯಲ್ಲಿ ನಾನು ಏನು ಮಾಡಿ ಬಂದೆ ಎಂಬುದರ ಬಗ್ಗೆ ಬೆಟಗೇರಿಯಲ್ಲಿ ಹಲವು ಕಥೆಗಳು ಓಡಾಡುತ್ತಿದ್ದು, ಎಲ್ಲದರಲ್ಲಿಯೂ ನಾನು ಇರುವುದಕ್ಕಿಂತ ತುಸು ಹೆಚ್ಚು ದಡ್ಡನಾಗಿ ಕಾಣುತ್ತೇನೆ. ತುಸು ಮಾತ್ರ. ಆ ತುಸುವನ್ನು ಸರಿಪಡಿಸುವುದಷ್ಟೇ ಈ ಬರಹದ ಉದ್ದೇಶ.

ನಮ್ಮ ಅಣ್ಣನದು ಮುಂಡರಗಿಯಲ್ಲಿ ಬಟ್ಟೆ ಅಂಗಡಿ. ಅವನ ಮಗಳು ಶಿವಲೀಲಾ, ಎಲ್ಲರ ಬಾಯಲ್ಲಿ ಲೀಲಾ, ಜರ್ಮನಿಯ ಟ್ಯೂಬಿಂಗನ್ ಎಂಬ ಊರಿನಲ್ಲಿ ಗಿಡಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಅವಳು ಸೈಕಲ್ಲಿನಿಂದ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಳೆಂದು ಸುದ್ದಿ ಬಂತು. ಯಾರಾದರೂ ಹೋಗಿ ಅವಳ ಊಟ ಉಪಚಾರ ನೋಡಬೇಕೆಂದು ಮನೆತನದವರೆಲ್ಲ ಕೂಡಿ ವಿಚಾರ ಮಾಡಿದರು. ಇಡೀ ಮನೆತನದಲ್ಲಿ ಪಾಸ್‌ಪೋರ್ಟ್ ಇದ್ದವನು ನಾನೊಬ್ಬನೇ ಎಂದು ಗೊತ್ತಾಯಿತು. ದುಬೈಗೆ ಹೊರಟಿದ್ದ ಕಕ್ಷಿದಾರನೊಬ್ಬ ಹಿಂದೊಮ್ಮೆ "ವಕೀಲರು ಜೋಡಿಗಿರ್ಲಿ" ಎಂದದ್ದನ್ನು ನಂಬಿ ಮಾಡಿಸಿದ್ದು ಅದು. ಆತ ನನ್ನನ್ನು ಬಿಟ್ಟು ಹೋದ, ಪಾಸ್‌ಪೋರ್ಟ್ ಉಳಿಯಿತು. ಹೀಗೆ ಬರಿಯ ದಾಖಲೆಯ ಬಲದಿಂದ, ಅನ್ನಕ್ಕೆ ಎಷ್ಟು ನೀರಿಡಬೇಕೆಂದು ತಿಳಿಯದ ನಾನು, ಶುಶ್ರೂಷೆಗೆ ನೇಮಕಗೊಂಡೆ.

ಮುಂದೆ ವೀಸಾ ಕಚೇರಿಗೂ ಎಲುಬಿಗೂ ಪಂದ್ಯ ನಡೆಯಿತು. ಎಲುಬು ಗೆದ್ದಿತು. ನನ್ನ ವೀಸಾ ಕೈಗೆ ಬರುವ ಹೊತ್ತಿಗೆ ಲೀಲಾಳ ಕೈಗೆ ಹಾಕಿದ್ದ ಪಟ್ಟಿ ಬಿಚ್ಚಿ ಆಗಿತ್ತು. ಇನ್ನು ಹೋಗುವುದು ಬೇಡವೆಂದು ಹೇಳಲು ಮುಂಡರಗಿಗೆ ಹೋದೆ. ಅಣ್ಣ ಅಂಗಡಿಯ ಗಲ್ಲೆಯ ಮೇಲೆ ಕೂತಿದ್ದ.

"ಲೇ, ಟಿಕೀಟ ತಗಸೇವಿ. ನೀ ಹೋಗು," ಅಂದ.

"ಕೈ ಆರಾಮ ಆಗೇತಂತಲ್ಲ ಅಣ್ಣಾ, ಹೋಗಿ ಏನ್ ಮಾಡ್ಲಿ?"

"ಆಕಿ ಓದೂದು ಮುಗಿಯಾಕ ಬಂದೈತಿ. ಅಲ್ಲೇ ಇನ್ನೊಂದ ವರ್ಷದ ಕೆಲಸಕ್ಕ ಅರ್ಜಿ ಹಾಕ್ಯಾಳ. ಸಿಗಲಿಲ್ಲಂದ್ರ ಅಲ್ಲೇ ಮಾರಿ ಸಣ್ಣದ ಮಾಡ್ಕೊಂಡ ಕುಂಡ್ರೂದ ಬ್ಯಾಡ, ನಿನ್ನ ಜೋಡಿ ಕರಕೊಂಡ ಬಾ. ಗದಗಿನ ಕಾಲೇಜಿನ್ಯಾಗ ಜಾಗಾ ನೋಡೀನಿ."

"ಸಿಕ್ರ?"

ಅಣ್ಣ ಪರಕಾರದ ಬಟ್ಟೆಯ ಒಂದು ತಾನನ್ನು ಬಿಚ್ಚಿ ಮತ್ತೆ ಸುರುಳಿ ಸುತ್ತಿಟ್ಟ. "ಸಿಗೂದಿಲ್ಲ ಬಿಡು," ಅಂದ.

ಅಣ್ಣನಿಗೆ ಎದುರು ವಾದಿಸಿ ಗೆದ್ದ ದಾಖಲೆ ನನ್ನ ವೃತ್ತಿಜೀವನದಲ್ಲಿಯೇ ಇಲ್ಲ. ಲಕ್ಷ್ಮೇಶ್ವರದವಳಾದ ನನ್ನ ಹೆಂಡತಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಇಂಗು ಕಟ್ಟಿಕೊಟ್ಟು, "ಅಲ್ಲೆ ಯಾವುದಕ್ಕೂ ಕೈ ಹಚ್ಚಬ್ಯಾಡ್ರಿ," ಎಂದಳು. ನೆನಪಿಟ್ಟುಕೊಂಡಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಸ್ಟುಟ್‌ಗಾರ್ಟಿನ ಬೆಂಚು

ಜರ್ಮನಿಯ ರೈಲುಗಳನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳಬಹುದೆಂದು ಗದಗಿನ ವಕೀಲರ ಸಂಘದಲ್ಲಿ ನಾನೇ ಭಾಷಣ ಮಾಡಿದ್ದೆ. ಸ್ಟುಟ್‌ಗಾರ್ಟಿನಲ್ಲಿ ಟ್ಯೂಬಿಂಗನ್ನಿಗೆ ಹೋಗುವ ನನ್ನ ರೈಲು ಮೊದಲು ತಡ ಎಂದರು, ಆಮೇಲೆ ಇನ್ನಷ್ಟು ತಡ ಎಂದರು, ಕೊನೆಗೆ ಬರುವುದೇ ಇಲ್ಲ ಎಂದರು. ಸುತ್ತಲಿನವರು ಉಸಿರು ಬಿಡುತ್ತ ಫೋನು ನೋಡತೊಡಗಿದರು. ನಾನು ಮಾತ್ರ ಬೆಂಚಿನ ಮೇಲೆ ಕಾಲು ಮಡಚಿ ಕೂತು ರೊಟ್ಟಿ ಬಿಚ್ಚಿದೆ. ಶಿರಹಟ್ಟಿ ಬಸ್ಸಿಗೆ ಕಾದು ಕಾದು ಗಳಿಸಿದ ವಿದ್ಯೆ ಪರದೇಶದಲ್ಲಿ ಇಷ್ಟು ಬೇಗ ಕೆಲಸಕ್ಕೆ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಪಕ್ಕದಲ್ಲಿದ್ದ ಮುದುಕನಿಗೂ ಒಂದು ರೊಟ್ಟಿ ಕೊಟ್ಟೆ. ಆತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬೆರಳಿನಿಂದ ತಟ್ಟಿ ಸಪ್ಪಳ ಕೇಳಿ, ಬಹಳ ಗೌರವದಿಂದ ಕೋಟಿನ ಜೇಬಿನಲ್ಲಿ ಇಟ್ಟುಕೊಂಡ. ತಿನ್ನುವ ವಸ್ತುವೆಂದು ತಿಳಿಯಲಿಲ್ಲವೆಂದು ಕಾಣುತ್ತದೆ. ಹೇಳಲು ನನಗೆ ಭಾಷೆ ಇರಲಿಲ್ಲ.

ಮುಂದಿನ ರೈಲಿಗೆ ಊರು ಮುಟ್ಟಿದೆ. ನಿಲ್ದಾಣಕ್ಕೆ ಬಂದಿದ್ದ ಲೀಲಾ ನನ್ನ ಭಾರವಾದ ಪೆಟ್ಟಿಗೆಯನ್ನು, ನಾನು ಉಪಚಾರ ಮಾಡಲು ಬಂದಿದ್ದ ಆ ಕೈಯಿಂದಲೇ, ಎತ್ತಿಕೊಂಡು ಮುಂದೆ ನಡೆದಳು.

ಮೂರನೆಯ ಅಂತಸ್ತು

ಟ್ಯೂಬಿಂಗನ್ ಸಣ್ಣ ಊರು. ನೆಕ್ಕರ್ ಎಂಬ ಹೊಳೆ, ಅದರ ದಂಡೆಗೆ ಒಂದಕ್ಕೊಂದು ಆತುಕೊಂಡು ನಿಂತ ಬಣ್ಣದ ಮನೆಗಳು, ಎಲ್ಲಿಗೆ ಹೋದರೂ ಏರು. ಲೀಲಾಳ ಮನೆ ಒಂದು ಕಟ್ಟಡದ ಮೂರನೆಯ ಅಂತಸ್ತಿನಲ್ಲಿ. ಎರಡನೆಯದರಲ್ಲಿ ಏಬರ್ಲೆ ಎಂಬ ಹೆಸರಿನ, ನನಗಿಂತ ತುಸು ಹಿರಿಯ ಹೆಂಗಸು ಒಬ್ಬರೇ ಇದ್ದರು. ನಮ್ಮ ಕಡೆಯ ಪದ್ಧತಿಯಂತೆ ನಾನು ಅವರನ್ನು ಮೊದಲ ದಿನದಿಂದಲೇ ಏಬರ್ಲೆಬಾಯಿಯವರು ಎಂದು ಕರೆದೆ. ಅವರು ನನ್ನನ್ನು ಏನೂ ಕರೆಯಲಿಲ್ಲ.

ಲೀಲಾಳ ಬಾಗಿಲಿನ ಹಿಡಿಕೆಗೆ ಒಂದು ಕಟ್ಟಿಗೆಯ ಫಲಕ ತೂಗುಹಾಕಿತ್ತು. ವಿದ್ಯಾರ್ಥಿನಿಗೆ ಕೊಟ್ಟ ಯಾವುದೋ ಗೌರವವೆಂದು ತಿಳಿದು ನಾನು ಅದರ ಫೋಟೋ ತೆಗೆದು ಊರಿಗೆ ಕಳಿಸಿದೆ.

"ಅದು ಗೌರವ ಅಲ್ಲ ಕಾಕಾ," ಎಂದಳು ಲೀಲಾ. "ಈ ವಾರ ಮೆಟ್ಟಲ ಸ್ವಚ್ಛ ಮಾಡೂ ಪಾಳೆ ನಮ್ಮದು ಅಂತ. ಮಾಡಿ ಮುಗಿಸಿ ಇದನ್ನ ಬಾಜೂ ಮನಿ ಬಾಗಿಲಿಗೆ ಹಾಕಬೇಕು."

ಫೋಟೋ ಆಗಲೇ ಮುಂಡರಗಿ ಮುಟ್ಟಿತ್ತು. ಅಣ್ಣ ಅದನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದ.

ಉಪಚಾರಕ್ಕೆ ಅವಕಾಶ ಇರಲಿಲ್ಲ, ಕೊನೆಗೆ ಮೆಟ್ಟಿಲಾದರೂ ತೊಳೆಯೋಣವೆಂದು ಲೀಲಾ ಹೊರಗೆ ಹೋದಾಗ ಧೋತರ ಎತ್ತಿ ಕಟ್ಟಿದೆ. ನಮ್ಮ ಕಡೆ ನೆಲ ತೊಳೆಯುವುದೆಂದರೆ ನೀರು ಹೊಡೆಯುವುದು. ಬಕೆಟ್ ಎತ್ತಿ ಬೀಸಿ ಸುರುವಿದರೆ ನೀರು ತನ್ನ ದಾರಿ ತಾನು ಹುಡುಕಿಕೊಂಡು ಮೋರಿಗೆ ಹೋಗುತ್ತದೆ. ನಾನು ಎರಡು ಬಕೆಟ್ ಸುರುವಿದೆ. ಸುರುವಿದ ಮೇಲೆ ಮೋರಿ ಎಲ್ಲಿದೆಯೆಂದು ನೋಡಿದೆ. ಮೋರಿ ಇರಲಿಲ್ಲ. ಇಡೀ ಕಟ್ಟಡದಲ್ಲಿ ಎಲ್ಲಿಯೂ ಇರಲಿಲ್ಲ. ಇವರು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರಂತೆ, ತೊಳೆಯುವುದಿಲ್ಲವಂತೆ. ನೀರು ನನ್ನ ಕಣ್ಣೆದುರೇ ಮೆಟ್ಟಿಲಿಳಿದು, ಏಬರ್ಲೆಬಾಯಿಯವರ ಕಾಲೊರಸನ್ನು ತೋಯಿಸಿ, ಇನ್ನೂ ಕೆಳಗಿಳಿದು, ನೆಲಮನೆಯಲ್ಲಿ ಅವರು ಇಟ್ಟಿದ್ದ ಆಲೂಗಡ್ಡೆ ಬುಟ್ಟಿಯ ತಳದಲ್ಲಿ ವಿಶ್ರಾಂತಿ ಪಡೆಯಿತು. ಬಾಗಿಲು ತೆಗೆದ ಅವರು ನನ್ನನ್ನೂ ಬಕೆಟ್ಟನ್ನೂ ಧೋತರವನ್ನೂ ಅದೇ ಕ್ರಮದಲ್ಲಿ ನೋಡಿ ಬಾಗಿಲು ಹಾಕಿಕೊಂಡರು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಅಡುಗೆಮನೆಯ ಕಿಟಕಿ

ಲೀಲಾ ಅರ್ಜಿ ಹಾಕಿದ್ದ ಕೆಲಸ ಇದು: ಶಾಲೆಯ ಮಕ್ಕಳಿಗೂ ಊರಿನ ಜನಕ್ಕೂ ಗಿಡಗಳ ವಿಜ್ಞಾನವನ್ನು ಮಾಡಿ ತೋರಿಸಿ ತಿಳಿಸುವುದು. ಶನಿವಾರ ಪ್ರಯೋಗಾಲಯವನ್ನು ಊರಿಗೆಲ್ಲ ತೆರೆದಿಡುವ ದಿನ. ಅಂದು ಜನರೆದುರು ಒಂದು ಪ್ರಯೋಗ ಮಾಡಬೇಕು, ಆರಿಸುವವರು ಜನರ ನಡುವೆ ಕೂತು ನೋಡುತ್ತಾರೆ. ಗಿಡ ಮಾತ್ರ ಮನೆಯಲ್ಲಿ ಬೆಳೆಸಿದ ಸಾದಾ ಗಿಡವೇ ಆಗಿರಬೇಕು. ಅದಕ್ಕೇ ಲೀಲಾ ಅಡುಗೆಮನೆಯ ಕಿಟಕಿಯಲ್ಲಿ ಟೊಮೇಟೊ ಸಸಿಗಳನ್ನು ಬೆಳೆಸಿಟ್ಟಿದ್ದಳು.

"ಈ ಗಿಡ ಏನ್ ಮಾಡ್ತಾವು?" ಎಂದು ಕೇಳಿದೆ.

"ಸೂಕ್ಷ್ಮಜೀವಿ ಬಂದ್ರ ಗುರುತ ಹಿಡಿತಾವು ಕಾಕಾ."

ಗಿಡಕ್ಕೆ ಕಣ್ಣಿಲ್ಲ, ಮೂಗಿಲ್ಲ. ಗುರುತು ಹಿಡಿಯುವುದೆಂದರೆ ಸಾಕ್ಷಿಯ ಮಾತಾಯಿತು, ಅದು ನನ್ನ ಕ್ಷೇತ್ರ. ನಾನು ಕುರ್ಚಿ ಎಳೆದುಕೊಂಡು ಪಾಟಿಸವಾಲಿಗೆ ಕೂತೆ. ಲೀಲಾ ಚಹಾ ಕುಡಿಯುತ್ತ ಹೇಳಿದ್ದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ನೀರಿನಲ್ಲಿ ಈಜುವ ಬ್ಯಾಕ್ಟೀರಿಯಾಗಳಿಗೆ ಗರಗರ ತಿರುಗುವ ಬಾಲ ಇರುತ್ತದೆ. ಆ ಬಾಲವನ್ನು ಕಟ್ಟಿದ ಪ್ರೋಟೀನಿನಲ್ಲಿ ಒಂದು ಸಣ್ಣ ತುಣುಕು ಬಹಳಷ್ಟು ಜಾತಿಗಳಲ್ಲಿ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಎಲೆಯ ಪ್ರತಿಯೊಂದು ಜೀವಕೋಶದ ಹೊರಮೈ ಮೇಲೆ ಆ ತುಣುಕನ್ನು ಹಿಡಿಯುವ ಕೊಂಡಿಯಂಥ ಗ್ರಾಹಿಗಳಿವೆ. ತುಣುಕು ಬಂದು ಕೂತಿತೋ, ಒಳಗೆ ಸುದ್ದಿ ಹೋಗುತ್ತದೆ. ಇಡೀ ಬ್ಯಾಕ್ಟೀರಿಯಾವನ್ನು ನೋಡಬೇಕಾಗಿಯೇ ಇಲ್ಲ. ಗೇಟಿನ ಸಪ್ಪಳ ಕೇಳಿಯೇ ಯಾವ ಕಕ್ಷಿದಾರ ಬಂದನೆಂದು ನನ್ನ ಹೆಂಡತಿ ಒಳಗಿನಿಂದ ಹೇಳುವುದಿಲ್ಲವೆ, ಹಾಗೆ.

"ನಮಗಾದ್ರ ರಕ್ತದಾಗ ತಿರಗಾಡೂ ಸಿಪಾಯಿ ಕಣ ಅದಾವು," ಎಂದಳು ಲೀಲಾ. "ಗಿಡಕ್ಕ ಅವು ಇಲ್ಲ. ಒಂದೊಂದು ಕೋಶಾನೂ ತನ್ನ ಮನಿ ತಾನ ಕಾಯಬೇಕು."

"ಸುದ್ದಿ ಹೋದ ಮ್ಯಾಲ?"

"ಕೆಲವೇ ನಿಮಿಷದಾಗ ಒಂಥರಾ ಉರಿಯೂ ಆಮ್ಲಜನಕ ಉಗಳ್ತಾವು. ಗಾಯಕ್ಕ ಹಾಕಿದ್ರ ನೊರಿ ಬರ್ತೈತಲ್ಲ ಔಷಧ, ಆ ಜಾತೀದು. ಎಲಿ ಮ್ಯಾಲಿನ ಸಣ್ಣ ತೂತು ಮುಚ್ಚಕೊಂತಾವು, ಯಾರೂ ಒಳಗ ಬರದಂಗ. ಕೋಶದ ಗ್ವಾಡಿ ದಪ್ಪ ಆಗ್ತಾವು. ಬೆಳಿಯೂದು ಕಡಿಮಿ ಮಾಡಿ ಎಲ್ಲಾ ಶಕ್ತಿ ಇದಕ್ಕ ಹಾಕ್ತಾವು."

"ಕಳ್ಳ ಬಾಲ ಮುಚ್ಚಿಕೊಂಡು ಬಂದ್ರ?"

ಅವಳು ಕಪ್ಪು ಕೆಳಗಿಟ್ಟು ನನ್ನನ್ನು ಹೊಸದಾಗಿ ನೋಡಿದಳು. "ಬರ್ತಾವು ಕಾಕಾ. ಬಾಲಕ್ಕ ಸಕ್ಕರಿ ಸವರಿಕೊಂಡ ಬರ್ತಾವು, ತುಣುಕಾನ ಬದಲ ಮಾಡ್ಕೊಂಡೂ ಬರ್ತಾವು. ಅದಕ್ಕ ಒಳಗ ಇನ್ನೊಂದ ಪಹರೆ ಐತಿ. ಒಳಗ ಬಂದು ಕಿತಾಪತಿ ಮಾಡಿದ್ದು ಗೊತ್ತಾತಂದ್ರ ಆ ಕೋಶ ತನ್ನನ್ನ ತಾನ ಸುಟ್ಟುಕೊಂಡು ಸಾಯ್ತೈತಿ, ಬಾಜೂದವರಿಗೆ ಹರಡಬಾರ್ದಂತ."

ಹಿತ್ತಿಲ ಗಿಡಗಳಿಗೆ ಇಷ್ಟು ದಿನ ನಾನು ಮರ್ಯಾದೆ ಕೊಟ್ಟದ್ದು ಕಡಿಮೆಯಾಯಿತೆನಿಸಿತು.

ಶನಿವಾರ ತೋರಿಸಬೇಕಾದದ್ದು ಆ ಉರಿಯುವ ಆಮ್ಲಜನಕವನ್ನೇ. ಎಲೆಯಿಂದ ಗುಂಡನೆಯ ಬಿಲ್ಲೆಗಳನ್ನು ಕತ್ತರಿಸಿ ಒಂದು ರಾತ್ರಿ ನೀರಿನ ಮೇಲೆ ತೇಲಿಬಿಡಬೇಕು, ಏಕೆಂದರೆ ಕತ್ತರಿಸಿದ ಗಾಯಕ್ಕೇ ಎಲೆ ರೊಚ್ಚಿಗೆದ್ದಿರುತ್ತದೆ. ಮರುದಿನ ಕೆಲವಕ್ಕೆ ಬರಿ ನೀರು, ಕೆಲವಕ್ಕೆ ಬಾಲದ ತುಣುಕು ಹಾಕಬೇಕು. ಆ ಉರಿಯುವ ಆಮ್ಲಜನಕ ಬಂದಲ್ಲಿ ಬೆಳಗುವ ಒಂದು ರಸಾಯನವಿದೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣದಷ್ಟು ಕ್ಷೀಣ, ಯಂತ್ರವೇ ನೋಡಿ ಪರದೆಯ ಮೇಲೆ ಗೆರೆ ಎಳೆಯಬೇಕು. ತುಣುಕು ಹಾಕಿದ ಗೆರೆ ಏರಬೇಕು, ನೀರಿನ ಗೆರೆ ಮಲಗಿರಬೇಕು.

"ಅಷ್ಟ ಆದ್ರ ಸಾಕು ಕಾಕಾ," ಎಂದಳು.

ಗುರುವಾರ, ಶುಕ್ರವಾರ

ಆ ಸಸಿಗಳು ನನ್ನ ಕಣ್ಣಿಗೆ ಸೊರಗಿ ಕಂಡವು. ಬೆಟಗೇರಿಯ ನಮ್ಮ ಹಿತ್ತಿಲಲ್ಲಿ ಒಂದು ಕರಿಬೇವಿನ ಗಿಡ ಇದೆ. ಓಣಿಯಲ್ಲಿ ಯಾರ ಮನೆಯಲ್ಲಿ ಒಗ್ಗರಣೆಯಾದರೂ ಎಲೆ ನಮ್ಮ ಗಿಡದ್ದೇ. ಅದರ ಗುಟ್ಟು ಹುಳಿಮಜ್ಜಿಗೆ. ನೀರುಮಾಡಿದ ಹುಳಿಮಜ್ಜಿಗೆಗೆ ಚಿಟಿಕೆ ಇಂಗು ಹಾಕಿ ಎಲೆಗೆ ಚಿಮುಕಿಸಿ, ಉಳಿದದ್ದನ್ನು ಬುಡಕ್ಕೆ ಹಾಕಬೇಕು. ವಕೀಲಿಕೆಯನ್ನು ಬಿಟ್ಟರೆ ನನಗೆ ಬರುವ ವಿದ್ಯೆ ಇದೊಂದೇ. ವಕೀಲಿಕೆಯ ಬಗ್ಗೆಯೂ ಅಭಿಪ್ರಾಯಭೇದಗಳಿವೆ.

ಲೀಲಾ ತಾನೇ ಹೆಪ್ಪುಹಾಕಿದ ಮೊಸರು ತಂಪುಪೆಟ್ಟಿಗೆಯ ಮೂಲೆಯಲ್ಲಿ ಹುಳಿಯಾಗಿ ಕೂತಿತ್ತು. ಗುರುವಾರ ಅವಳು ಪ್ರಯೋಗಾಲಯಕ್ಕೆ ಹೋದ ಮೇಲೆ ನಾನು ಅದನ್ನು ಕಡೆದು, ಚಿಟಿಕೆ ಇಂಗು ಬೆರೆಸಿ, ಅಂಗೈಯಲ್ಲಿ ಹಿಡಿದು ಐದೂ ಬೆರಳಿನಿಂದ ಪ್ರತಿ ಎಲೆಗೂ ಪ್ರೋಕ್ಷಣೆ ಮಾಡಿದೆ. ಪುರೋಹಿತರೂ ಇಷ್ಟು ಶ್ರದ್ಧೆಯಿಂದ ಮಾಡಲಾರರು. ಶುಕ್ರವಾರ ಮುಂಜಾನೆ ಎಲೆಗಳು ಹೆಚ್ಚು ಹಸಿರಾಗಿವೆ ಎಂದು ನನಗೆ ಅನಿಸಿತು. ಅದಕ್ಕೆ ಇನ್ನೊಮ್ಮೆ ಮಾಡಿದೆ.

ಮಧ್ಯಾಹ್ನ ಲೀಲಾ ಬಿಲ್ಲೆ ಕತ್ತರಿಸಲು ಮನೆಗೆ ಬಂದಳು. ಬಾಗಿಲಲ್ಲಿಯೇ ನಿಂತಳು.

"ಇಂಗಿನ ವಾಸನಿ ಯಾಕ ಬರಾಕತ್ತೈತಿ?"

ನಾನು ಹೆಮ್ಮೆಯಿಂದ ಕಿಟಕಿಯತ್ತ ಕೈ ತೋರಿಸಿದೆ. ಅವಳು ಹತ್ತಿರ ಹೋಗಿ ಒಂದು ಎಲೆಯನ್ನು ಬೆಳಕಿಗೆ ಎತ್ತಿದಳು. ಬಿಳಿಯ ಚುಕ್ಕೆಗಳು ಒಣಗಿ ಅಂಟಿಕೊಂಡಿದ್ದವು.

"ಏನ್ ಹಾಕಿದಿ ಕಾಕಾ?"

"ಮಜ್ಜಿಗಿ. ಹುಳಿ ಆಗಿತ್ತು, ವ್ಯರ್ಥ ಹೋಗಬಾರ್ದಂತ."

ಅವಳು ಕುರ್ಚಿಯ ಮೇಲೆ ಕೂತಳು. ಮಜ್ಜಿಗೆಯ ಬ್ಯಾಕ್ಟೀರಿಯಾಗಳಿಗೆ ಬಾಲ ಇರುವುದಿಲ್ಲವೇನೋ ಎಂದು ನಾನು ಕಲಿತಷ್ಟನ್ನು ಬಳಸಿ ವಾದ ಹೂಡಿದೆ.

"ಬಹಳಷ್ಟಕ್ಕ ಇರೂದಿಲ್ಲ," ಎಂದಳು ಮೆಲ್ಲಗೆ. "ಆದ್ರ ಟೊಮೇಟೊ ಬಾಲ ಒಂದ ನೋಡೂದಿಲ್ಲ. ಬ್ಯಾಕ್ಟೀರಿಯಾದ ಮೈಯಾನ ಬ್ಯಾರೆ ತುಣುಕೂ ಗುರುತ ಹಿಡಿತೈತಿ. ಒಮ್ಮೆ ಆಮ್ಲಜನಕ ಉಗಳಿ ಚೀರಿದ ಕೋಶ ಆಮ್ಯಾಲೆ ಕೆಲವ ತಾಸು ಕಿವುಡಾಗಿರ್ತೈತಿ. ಈಗ ಇವು ಚೀರಿ ಮುಗಿಸ್ಯಾವೋ, ಇನ್ನೂ ಚೀರಾಕತ್ತಾವೋ, ಏನೂ ಆಗೇ ಇಲ್ಲೋ, ನನಗ ಗೊತ್ತಿಲ್ಲ. ನನಗ ಗೊತ್ತಿಲ್ಲಂದ್ರ ಮುಗೀತು. ಇವನ್ನ ನಾ ಹೆಂಗ ತೋರಿಸ್ಲಿ?"

ಹೊಸ ಸಸಿ ಬೆಳೆಸಲು ವಾರಗಟ್ಟಲೆ ಬೇಕು. ಪ್ರದರ್ಶನ ಮರುದಿನ.

ಅವಳು ನನ್ನ ಕಡೆ ತಿರುಗಿದಳು. "ಕಾಕಾ, ಒಂದ ಕೇಳ್ತೀನಿ, ಖರೆ ಹೇಳು. ಅಪ್ಪ ಹೇಳಿ ಕಳಸ್ಯಾನೇನು?"

"ಏನಂತ?"

"ಕೆಲಸ ಕೆಡಸಂತ."

ಸುಳ್ಳು ಆರೋಪ ಹೊತ್ತು ಕಟಕಟೆಯಲ್ಲಿ ನಿಂತವರನ್ನು ನಾನು ಎಷ್ಟೋ ನೋಡಿದ್ದೇನೆ. ನಾನೇ ಅಲ್ಲಿ ನಿಂತದ್ದು ಅದೇ ಮೊದಲು. ನಾನು ದುಷ್ಟನಲ್ಲ, ಬರಿ ಮೂರ್ಖ ಎಂಬುದೊಂದೇ ನನ್ನ ಪರವಾದ ವಾದ. ಅದಕ್ಕೆ ಬೇಕಾದ ಪುರಾವೆ ಮಾತ್ರ ಧಾರಾಳವಾಗಿತ್ತು.

"ಕರಕೊಂಡ ಬಾ ಅಂದಾನ. ಕೆಡಸು ಅಂದಿಲ್ಲ. ಕೆಡಿಸಿದ್ದು ನನ್ನ ಸ್ವಂತ ಬುದ್ಧಿ."

"ಕರಕೊಂಡ ಬಾ ಅಂದಾನೇನು?"

ಕೇಳದ ಪ್ರಶ್ನೆಗೆ ಉತ್ತರ ಕೊಡಬಾರದೆಂದು ಸಾಕ್ಷಿದಾರರಿಗೆ ಜೀವಮಾನವಿಡೀ ಕಲಿಸಿದವನು ನಾನು.

"ಕೆಲಸ ಸಿಗಲಿಲ್ಲಂದ್ರ," ಎಂದೆ.

"ಸಿಗೂದಿಲ್ಲ ಅಂತಾನ ಅಂದಿರಬೇಕು."

ನಾನು ಕಿಟಕಿಯಾಚೆ ಕೆಳಗೆ ನೋಡಿದೆ, ಮುಖ ಎಲ್ಲಿಡಬೇಕೆಂದು ತಿಳಿಯದೆ. ಕೆಳಗಿನ ಅಂತಸ್ತಿನ ಗಚ್ಚಿಯ ಮೇಲೆ ಸಾಲು ಕುಂಡಗಳು, ಅವುಗಳ ಮೇಲೆ ಮಳೆ ಬೀಳದಂತೆ ಪ್ಲಾಸ್ಟಿಕ್ಕಿನ ಸಣ್ಣ ಚಾವಣಿ. ದಿನಾ ಮುಂಜಾನೆ ನೋಡಿ ನಗುತ್ತಿದ್ದೆ, ಟೊಮೇಟೊ ಗಿಡಕ್ಕೆ ಛತ್ರಿ ಹಿಡಿಯುವ ದೇಶವೆಂದು.

"ಲೀಲಾ, ಆ ಗಿಡ ನಡೀತಾವೇನು?"

ಅವಳು ಎದ್ದು ಬಂದು ನೋಡಿದಳು. "ನಡೀಬಹುದು. ಆದ್ರ ಅವು ಏಬರ್ಲೆಬಾಯಾರವು," ಎಂದಳು. ಅವಳ ಬಾಯಲ್ಲಿಯೂ ಆ ಹೆಸರು ಹಾಗೆಯೇ ಕೂತಿತ್ತು. "ನಿನ್ನ ನೀರು ಅವರ ಆಲೂಗಡ್ಡಿಯಾಗ ಇನ್ನೂ ಆರಿಲ್ಲ."

ಎರಡನೆಯ ಅಂತಸ್ತು

ಬಾಗಿಲು ತೆಗೆದ ಏಬರ್ಲೆಬಾಯಿಯವರು ಮೊದಲು ನನ್ನ ಕೈ ನೋಡಿದರು. ಬಕೆಟ್ ಇರಲಿಲ್ಲ. ಲೀಲಾ ಜರ್ಮನ್ನಿನಲ್ಲಿ ಬಹಳ ಹೊತ್ತು ಹೇಳಿದಳು. ನಡುವೆ ಒಮ್ಮೆ ಅವರು ನನ್ನತ್ತ ನೋಡಿ ಏನೋ ಕೇಳಿದರು.

"ಏನಂತಾರ?"

"ಗಿಡಕ್ಕ ಮಜ್ಜಿಗಿ ಹಾಕಿದವರು ಇವರೇನು, ಮೆಟ್ಟಲಕ್ಕ ಹೊಳಿ ಹರಿಸಿದವರೂ ಇವರೇನು, ಇಬ್ಬರೂ ಒಬ್ಬರೇನಂತ."

"ಒಬ್ಬರೇ ಅನ್ನು."

ಲೀಲಾ ಬಾಯಿಯವರನ್ನು ಗಿಡಕ್ಕೆ ಏನಾದರೂ ಔಷಧ ಹೊಡೆದಿದ್ದೀರಾ, ಎಲೆಯ ಮೇಲೆ ನೀರು ಹಾಕುತ್ತೀರಾ ಎಂದು ಕೇಳಿದಳು. ಬಾಯಿಯವರಿಗೆ ಅಪಮಾನವಾದಂತೆ ಕಂಡಿತು. ನೀರು ಮುಂಜಾನೆ, ಬುಡಕ್ಕೆ ಮಾತ್ರ, ಎಲೆಗೆ ಎಂದೂ ಇಲ್ಲ. ಎಲೆ ತೋಯ್ದರೆ ರೋಗ ಎಂದು ಯಾರಿಗೆ ಗೊತ್ತಿಲ್ಲ? ಛತ್ರಿ ಮತ್ತೆ ಯಾತಕ್ಕೆ? ನಾನು ನನ್ನ ಹಳೆಯ ನಗೆಯನ್ನು ಸದ್ದಿಲ್ಲದೆ ವಾಪಸು ತೆಗೆದುಕೊಂಡೆ.

ಎಲೆ ಕೊಡಲು ಒಪ್ಪಿದರು. ಒಂದು ಷರತ್ತಿನ ಮೇಲೆ: ಮೆಟ್ಟಿಲನ್ನು ನಾನು ಈಗಲೇ, ಅವರ ಕಣ್ಣೆದುರು, ಸರಿಯಾಗಿ ಮಾಡಿ ತೋರಿಸಬೇಕು.

ಲೀಲಾ ಎಲೆಗಳನ್ನು ಮೇಲೆ ಒಯ್ದು ಬಿಲ್ಲೆ ಕತ್ತರಿಸಿ ತಟ್ಟೆಯ ನೀರಿನಲ್ಲಿ ತೇಲಿಬಿಡುತ್ತಿದ್ದರೆ, ಇತ್ತ ಗದಗಿನ ಹಿರಿಯ ವಕೀಲರೊಬ್ಬರು ಮಂಡಿಯೂರಿ ಹಿಂಡಿದ ಬಟ್ಟೆಯಲ್ಲಿ ಮೆಟ್ಟಿಲೊರೆಸಿದರು. ಬಾಯಿಯವರು ಮೇಲಿನಿಂದ ಬೆರಳು ತೋರಿಸುತ್ತ ಒಂದೊಂದೇ ಮೆಟ್ಟಿಲು ನನ್ನ ಜೊತೆಗೆ ಇಳಿದರು. ಮೂಲೆ. ಇನ್ನೊಂದು ಮೂಲೆ. ಕಟಾಂಜನದ ಬುಡ. ಭಾಷೆಯೇ ಬೇಕಾಗಲಿಲ್ಲ. ಕೊನೆಯ ಮೆಟ್ಟಿಲಿಗೆ ಅವರು ಏನೋ ಒಂದು ಶಬ್ದ ಅಂದರು. ಆ ಶಬ್ದವನ್ನು ಹಾಗೇ ಬಾಯಲ್ಲಿಟ್ಟುಕೊಂಡು ಹೋಗಿ ಲೀಲಾಳನ್ನು ಕೇಳಿದೆ.

"ನಡೀತೈತಿ ಅಂದಾರ," ಎಂದಳು. "ದೊಡ್ಡ ಮಾತು ಕಾಕಾ. ಈ ಸೀಮಿಯವರು ಬಯ್ಯಲಿಲ್ಲಂದ್ರ ಹೊಗಳಿದಂಗ ಅಂತ ಇವರಾಗ ಗಾದಿನ ಐತಿ."

ನಮ್ಮ ಅಣ್ಣ ಈ ಸೀಮೆಯಲ್ಲಿ ಹುಟ್ಟಬೇಕಾಗಿತ್ತೆಂದು ಆಗ ಅನಿಸಿತು.

ಆದರೆ ಲೀಲಾ ನಿರಾಳವಾಗಿರಲಿಲ್ಲ. ಹೊರಗೆ ಬೆಳೆದ ಗಿಡ ಗಾಳಿಯಲ್ಲಿ, ಧೂಳಿನಲ್ಲಿ ಏನೇನು ಕಂಡಿದೆಯೋ ಹೇಳಬರುವುದಿಲ್ಲ. ಅದು ಚೀರುತ್ತದೋ ಇಲ್ಲವೋ. ತಟ್ಟೆಗಳ ಮೇಲೆ ಹಾಳೆ ಮುಚ್ಚಿಟ್ಟಳು. ಊಟಕ್ಕೆ ಕೂತಾಗ ನಾನು ಮಜ್ಜಿಗೆ ಬೇಡವೆಂದೆ.

ಶನಿವಾರ

ಪ್ರಯೋಗಾಲಯದ ಸಭಾಂಗಣ ತುಂಬಿತ್ತು. ಮಕ್ಕಳು, ಮುದುಕರು, ನಾಯಿ ಹಿಡಿದವರು. ಜರ್ಮನಿಯಲ್ಲಿ ನಾಯಿಗೂ ವಿಜ್ಞಾನದ ಆಸಕ್ತಿ ಇದೆ. ಮೊದಲ ಸಾಲಿನಲ್ಲಿ ಒಳ್ಳೆಯ ಕೋಟು ಹಾಕಿಕೊಂಡು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಏಬರ್ಲೆಬಾಯಿಯವರು ಕೂತಿದ್ದರು. ತಮ್ಮ ಗಿಡ ಪರೀಕ್ಷೆಗೆ ಕೂತಾಗ ಮನೆಯಲ್ಲಿರಲು ಆಗುತ್ತದೆಯೆ? ಅವರ ಹಿಂದೆ ಆರಿಸುವವರು ಮೂವರು. ನಡುವಿನ ಎತ್ತರದ ಮನುಷ್ಯ ಲೀಲಾಳ ಗುರುಗಳೆಂದು ತಿಳಿಯಿತು.

ಲೀಲಾ ಬಿಲ್ಲೆಗಳಿದ್ದ ತಟ್ಟೆಯ ಸಣ್ಣ ಸಣ್ಣ ಗುಳಿಗಳಿಗೆಲ್ಲ ಬೆಳಗುವ ರಸಾಯನ ಹಾಕಿ, ಅವುಗಳಲ್ಲಿ ಕೆಲವಕ್ಕೆ ನೀರು, ಕೆಲವಕ್ಕೆ ಬಾಲದ ತುಣುಕು ಹಾಕಿ ತಟ್ಟೆಯನ್ನು ಯಂತ್ರದೊಳಗೆ ಇಟ್ಟಳು. ಪರದೆಯ ಮೇಲೆ ಎರಡು ಗೆರೆಗಳು ಎಡದಿಂದ ಹೊರಟವು. ಅವಳು ಮಾತಾಡತೊಡಗಿದಳು. ನನಗೆ ಒಂದು ಅಕ್ಷರವೂ ತಿಳಿಯಲಿಲ್ಲ, ಗೆರೆ ಮಾತ್ರ ತಿಳಿಯುತ್ತಿತ್ತು. ಎರಡೂ ಮಲಗಿದ್ದವು. ಅವಳು ಇನ್ನಷ್ಟು ಮಾತಾಡಿದಳು. ಎರಡೂ ಮಲಗಿಯೇ ಇದ್ದವು. ನ್ಯಾಯಾಧೀಶರು ತೀರ್ಪಿನ ಕಾಗದ ತಿರುವುತ್ತಿರುವಾಗ ಕಕ್ಷಿದಾರ ನನ್ನ ತೋಳನ್ನು ಯಾಕೆ ಅಷ್ಟು ಬಿಗಿಯಾಗಿ ಹಿಡಿಯುತ್ತಾನೆಂದು ನನಗೆ ಅಂದು ಅರ್ಥವಾಯಿತು. ನನಗೆ ಹಿಡಿಯಲು ಪಕ್ಕದಲ್ಲಿ ನಾಯಿ ಮಾತ್ರ ಇತ್ತು.

ಆಮೇಲೆ ಒಂದು ಗೆರೆ ತುಸು ಬಾಗಿತು. ಬಾಗಿದ್ದೋ ನನ್ನ ಕಣ್ಣೋ ಎನ್ನುವಷ್ಟರಲ್ಲಿ ಏರಿತು. ಇನ್ನೂ ಏರಿತು. ಇನ್ನೊಂದು ಕದಲಲಿಲ್ಲ. ಮಕ್ಕಳು ಬೆರಳು ತೋರಿಸಿದರು. ಬೇರಿಂದ ಬೇರೆಯಾಗಿ, ಬೆಳೆದ ಮನೆ ಬಿಟ್ಟು ಬಂದು, ಒಂದು ಗುಳಿಯ ನೀರಿನಲ್ಲಿ ತೇಲುತ್ತಿದ್ದ ಒಂದು ಎಲೆಯ ತುಂಡು ತನ್ನ ವೈರಿಯ ಬಾಲವನ್ನು ಗುರುತಿಸಿತ್ತು. ಏಬರ್ಲೆಬಾಯಿಯವರು ಪಕ್ಕದವರಿಗೆ ಏನೋ ಹೇಳಿದರು. "ನಮ್ಮ ಗಚ್ಚಿಯದು" ಎಂದೇ ಇರಬೇಕು.

ಎತ್ತರದ ಗುರುಗಳು ಎದ್ದು ಗೋಡೆಯ ಮೇಲೆ ಅಂಟಿಸಿದ್ದ ಚಿತ್ರ ತೋರಿಸಿ ಏನೋ ಕೇಳಿದರು. ಚಿತ್ರದ ಗೆರೆ ಪರದೆಯದಕ್ಕಿಂತ ಬಹಳ ಎತ್ತರವಾಗಿತ್ತು. ಲೀಲಾ ಉತ್ತರ ಹೇಳತೊಡಗಿದಳು. ನಡುವೆ ನನ್ನತ್ತ ಕೈ ತೋರಿದಳು, ಇಡೀ ಸಭೆ ತಿರುಗಿ ನನ್ನನ್ನು ನೋಡಿ ನಕ್ಕಿತು. ನಾನು ಎದ್ದು ಕೈ ಮುಗಿದೆ. ಆಮೇಲೆ ತಿಳಿದದ್ದು ಇಷ್ಟು. ಗೆರೆ ಯಾಕೆ ಕಡಿಮೆ ಎಂದು ಅವರು ಕೇಳಿದರು. ಇವು ಹೊರಗೆ ಬೆಳೆದ ಗಿಡ, ಅದೇ ಕಾರಣವಿರಬಹುದು, ಖಚಿತವಾಗಿ ಹೇಳಲಾರೆ ಎಂದಳಂತೆ. ನಿನ್ನ ಸ್ವಂತ ಗಿಡಗಳೆಲ್ಲಿ ಎಂದರು. ಅವಕ್ಕೆ ಕಾಕಾ ಮಜ್ಜಿಗೆ ಹಾಕಿದ್ದಾರೆ ಎಂದಳಂತೆ. ಅದನ್ನೂ ತಂದಿದ್ದರೆ ಜನಕ್ಕೆ ಮಜವಾಗಿರುತ್ತಿತ್ತಲ್ಲ ಎಂದರು.

"ತಂದು ಏನಂತ ಹೇಳ್ಲಿ ಅಂದ್ನಿ ಕಾಕಾ," ಎಂದಳು ಲೀಲಾ. "ಮಜ್ಜಿಗಿ ಹಾಕಿದ ಗಿಡ ಹಾಕದ ಗಿಡ ಎರಡೂ ಇದ್ದಿದ್ರ ಮಾತು ಬ್ಯಾರೆ. ಎಲ್ಲಾಕ್ಕೂ ಹಾಕಿದ ಮ್ಯಾಲ ಗೆರಿ ಹೆಂಗ ಹೋದ್ರೂ ಅದು ಕಥಿ ಆಗತೈತಿ, ಪ್ರಯೋಗ ಆಗೂದಿಲ್ಲ."

ಗುರುಗಳು ಇದಕ್ಕೆ ನಗಲಿಲ್ಲವಂತೆ. ಪಕ್ಕದ ಇಬ್ಬರೊಡನೆ ತಲೆ ಕೂಡಿಸಿ ಮಾತಾಡಿದರು. ಜನ ಕರಗಿದ ಮೇಲೆ ಬಂದು ಅವಳ ಕೈ ಕುಲುಕಿ, ಸೋಮವಾರ ಬಂದು ಸಹಿ ಹಾಕೆಂದರು. ಬೇರೇನೂ ಹೊಗಳಲಿಲ್ಲ, ಬಯ್ಯಲೂ ಇಲ್ಲ.

ಹೊಳೆಯ ದಂಡೆ

ಹೊಳೆಯ ದಂಡೆಗೆ ಬಂದು ದೊಡ್ಡ ಮರಗಳ ಕೆಳಗೆ ನಿಂತೆವು. ಮುಂಡರಗಿಗೆ ಫೋನು ಮಾಡಬೇಕಾಗಿತ್ತು. ಲೀಲಾ ತಾನು ಮಾಡಲಾರೆನೆಂದಳು. ನೇಮಕಗೊಂಡವನು ನಾನು, ವರದಿಯೂ ನನ್ನದೇ. ಊರಲ್ಲಿ ಆಗ ಸಂಜೆಯ ವ್ಯಾಪಾರದ ಹೊತ್ತು. ಫೋನಿನಲ್ಲಿ ಅಂಗಡಿಯ ಪಂಖದ ಸಪ್ಪಳ ಕೇಳುತ್ತಿತ್ತು.

"ಅಣ್ಣಾ, ಲೀಲಾಗ ಕೆಲಸ ಸಿಕ್ತು."

ಪಂಖ ತಿರುಗುತ್ತಲೇ ಇತ್ತು.

"ಖರೆ?"

"ಖರೆ. ನಾ ಕಣ್ಣಾರೆ ನೋಡೀನಿ."

"ಏನ್ ನೋಡಿದಿ?"

ನಾನು ನನ್ನ ಜ್ಞಾನವನ್ನೆಲ್ಲ ಒಟ್ಟುಗೂಡಿಸಿದೆ. "ಒಂದು ಗೆರಿ ಮ್ಯಾಲ ಹೋತು," ಎಂದೆ.

"ಗೆರಿ ಮ್ಯಾಲ ಹೋದ್ರ ಕೆಲಸ ಕೊಡ್ತಾರೇನಲೇ? ನೀ ಬಿಡು, ಫೋನ್ ಆಕಿಗೆ ಕೊಡು."

ಲೀಲಾ ಕಾಯ್ದ ಪಾತ್ರೆ ಹಿಡಿದಂತೆ ಫೋನು ಹಿಡಿದಳು. "ಅಪ್ಪಾ," ಎಂದಳು. ಆಮೇಲೆ ಬಹಳ ಹೊತ್ತು ಹೂಂ ಎಂದಳು. "ಹೂಂ. ಒಂದ ವರ್ಷ. ಇಲ್ಲಪಾ, ಕಾಕಾ ಏನೂ ತ್ರಾಸ ಕೊಟ್ಟಿಲ್ಲ." ಪ್ರಮಾಣ ಮಾಡಿ ಸುಳ್ಳು ಹೇಳಿದ ಸಾಕ್ಷಿಯನ್ನು ನಾನು ಜೀವನದಲ್ಲಿ ಮೊದಲ ಸಲ ಮೆಚ್ಚಿಕೊಂಡೆ. ಆಮೇಲೆ ಅವಳು ಮಾತು ನಿಲ್ಲಿಸಿ ಅತ್ತಲಿನದನ್ನು ಕೇಳಿಸಿಕೊಂಡಳು. ಮುಖ ಬೇರೆಯಾಯಿತು. ಅಲ್ಲೇ ಇದ್ದ ಕಟ್ಟೆಯ ಮೇಲೆ ಕೂತಳು.

"ಯಾವ ಗೆರಿ ಅಂದ್ರ... ನಿಲ್ಲಪಾ, ಹಂಗ ನಡುವಿಂದ ಹೇಳಿದ್ರ ತಿಳಿಯೂದಿಲ್ಲ, ಮೊದಲಿಂದ ಹೇಳ್ತೀನಿ. ವ್ಯಾಳ್ಯಾ ಹಿಡಿತೈತಿ. ಅಂಗಡಿಯಾಗ ಗಿರಾಕಿ ಅದಾರೇನು?"

ಇದ್ದರೆಂದು ಕಾಣುತ್ತದೆ. ಅತ್ತ ಅಣ್ಣ ಯಾರಿಗೋ ಏನೋ ಹೇಳಿದ್ದು ನನಗೂ ಕೇಳಿಸಿತು. ಬಟ್ಟೆಯ ತಾನು ಸುತ್ತಿಡುವ ಸಪ್ಪಳ, ಚಪ್ಪಲಿಗಳ ಸಪ್ಪಳ, ಆಮೇಲೆ ಪಂಖ ಒಂದೇ. ಅಂಗಡಿ ಹಾಕಿದ ದಿನದಿಂದ ನಮ್ಮ ಅಣ್ಣ, ಒಳಗೆ ಬಂದ ಗಿರಾಕಿಯನ್ನು ನಾಳೆ ಬಾ ಎಂದು ಕಳಿಸಿದ್ದು ಅದೇ ಮೊದಲು.

"ಹೂಂ, ಈಗ ಹೇಳು," ಎಂದ.